ಶಿರೂರು ಗುಡ್ಡಕುಸಿತ: ಮಳೆಯೊಂದನ್ನೇ ದೂರಿದರೆ ಸಾಲದು

ಉತ್ತರ ಕನ್ನಡ ಜಿಲ್ಲೆಯ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ 2024ರ ಜುಲೈ 16ರ ಬೆಳಿಗ್ಗೆ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಗುಡ್ಡ ಜರಿದು ಬಿದ್ದಿತು. ರಸ್ತೆಬದಿಯ ಒಂದು ಚಹಾದಂಗಡಿ, ಅದನ್ನು ನಡೆಸುತ್ತಿದ್ದ ಕುಟುಂಬ, ಅಲ್ಲಿ ವಾಹನ ನಿಲ್ಲಿಸಿದ್ದ ಚಾಲಕರು ಅದರಡಿ ಸಿಕ್ಕಿದರು. ಮಣ್ಣಿನ ರಾಶಿ ಅಷ್ಟಕ್ಕೇ ನಿಲ್ಲದೆ ಹೆದ್ದಾರಿಯನ್ನು ದಾಟಿ ಗಂಗಾವಳಿ ನದಿಗೆ ನುಗ್ಗಿತು. ನದಿಯಿಂದ ಎದ್ದ ನೀರು ಎದುರು ದಂಡೆಯ ಉಳುವರೆ ಗ್ರಾಮದ ಮನೆಗಳ ಮೇಲೆ ಅಪ್ಪಳಿಸಿತು. ದುರಂತದಲ್ಲಿ ಕಣ್ಮರೆಯಾದವರೂ ಸೇರಿ 11 ಮಂದಿ ಬಲಿಯಾದರು. ಕೇರಳದ ಚಾಲಕನೊಬ್ಬನ ಲಾರಿಯನ್ನು ನದಿಯ ತಳದಿಂದ ಮೇಲೆತ್ತಿದ್ದು ಎರಡು ತಿಂಗಳು ಕಳೆದ ಮೇಲೆ, ಸೆಪ್ಟೆಂಬರ್ 25ರಂದು. ಅದಕ್ಕಾಗಿ ಗೋವಾದಿಂದ ಹೂಳೆತ್ತುವ ಯಂತ್ರವನ್ನು ತರಿಸಬೇಕಾಯಿತು.

ಅಂದಿನಿಂದ ನಡೆದ ವಾದ ಎರಡೇ ಕವಲಿನದು. ಒಂದು ಕಡೆಯವರು ಅತಿವೃಷ್ಟಿಯನ್ನು ದೂರಿದರೆ, ಇನ್ನೊಂದು ಕಡೆಯವರು ಚತುಷ್ಪಥ ಕಾಮಗಾರಿಯನ್ನು ದೂರಿದರು. ಮಳೆ ಬಂದದ್ದು ನಿಜ, ಗುಡ್ಡವನ್ನು ಕಡಿದದ್ದೂ ನಿಜ. ಆದರೆ ಕರಾವಳಿಯಲ್ಲಿ ಅಂಥ ಮಳೆ ಹಿಂದೆಯೂ ಬಂದಿದೆ. ಕಡಿದ ಗುಡ್ಡಗಳೆಲ್ಲ ಬಿದ್ದಿಲ್ಲ. ಈ ಎರಡರ ನಡುವೆ ಇರುವ ಮೂರನೆಯ ಸಂಗತಿ, ಅಂದರೆ ಗುಡ್ಡದ ಒಡಲಿನಲ್ಲಿ ಏನಿದೆ ಎಂಬುದು, ಚರ್ಚೆಗೆ ಬಂದದ್ದು ಬಹಳ ಕಡಿಮೆ. ಭೂವಿಜ್ಞಾನಿಗಳನ್ನು ಸ್ಥಳಕ್ಕೆ ಕರೆಸಿದ್ದೂ ಮಣ್ಣು ಕೆಳಗೆ ಬಂದ ನಂತರವೇ. ಕೊಡಗಿನಲ್ಲಿ 2018ರಲ್ಲಿಯೂ ಹೀಗೆಯೇ ಆಗಿತ್ತು.

ಸಹ್ಯಾದ್ರಿಯು ಹಿಮಾಲಯದಂತಹ ಪರ್ವತವಲ್ಲ. ಹಿಮಾಲಯ ಹುಟ್ಟಿದ್ದು ಎರಡು ಭೂಫಲಕಗಳು ಡಿಕ್ಕಿ ಹೊಡೆದು ಶಿಲಾಪದರಗಳು ಮಡಚಿ ಮೇಲೆದ್ದುದರಿಂದ. ಅದು ಇಂದಿಗೂ ಏರುತ್ತಿದೆ. ಸಹ್ಯಾದ್ರಿಯಾದರೋ ಒಂದು ಪ್ರಸ್ಥಭೂಮಿಯ ಮುರಿದ ಅಂಚು. ಸುಮಾರು 8.8 ಕೋಟಿ ವರ್ಷಗಳ ಹಿಂದೆ ಮಡಗಾಸ್ಕರ್ ಈ ನೆಲದಿಂದ ಬೇರ್ಪಟ್ಟಿತು. ಆ ಸೀಳಿನ ಕಾಲದಲ್ಲಿ ಉಕ್ಕಿದ ಲಾವಾರಸ ಉಡುಪಿಯ ಬಳಿಯ ಸೇಂಟ್ ಮೇರಿಸ್ ದ್ವೀಪಗಳಲ್ಲಿ ಕಂಬ ಕಂಬವಾಗಿ ನಿಂತಿರುವುದನ್ನು ಇಂದಿಗೂ ನೋಡಬಹುದು. ಸೀಳಿದ ಅಂಚು ಸಮುದ್ರದ ಕಡೆಗೆ ಕಡಿದಾಗಿಯೂ ಪೂರ್ವಕ್ಕೆ ಇಳಿಜಾರಾಗಿಯೂ ಉಳಿಯಿತು. ನಂತರದ ಕೋಟ್ಯಂತರ ವರ್ಷಗಳಲ್ಲಿ ಪಶ್ಚಿಮಕ್ಕೆ ಹರಿಯುವ ಗಿಡ್ಡ, ರಭಸದ ನದಿಗಳು ಅದನ್ನು ಕೊರೆಯುತ್ತ ಪೂರ್ವಕ್ಕೆ ಹಿಂದೆ ಸರಿಸಿವೆ. ಜೋಗದಲ್ಲಿ ಶರಾವತಿ 253 ಮೀಟರ್ ಧುಮುಕುವುದು ಈ ಕೊರೆತ ಇನ್ನೂ ಮುಗಿದಿಲ್ಲ ಎಂಬುದರ ಗುರುತು. ಜನರ ಮಾತಿಗೆ ಈ ಭೂರಚನೆ ಎಂದೋ ತಿಳಿದಿದೆ. 'ಘಟ್ಟದ ಮೇಲಿನವರು', 'ಘಟ್ಟದ ಕೆಳಗಿನವರು' ಎನ್ನುತ್ತಾರೆಯೇ ಹೊರತು ಬೆಟ್ಟದ ಆಚೆಯವರು, ಈಚೆಯವರು ಎನ್ನುವುದಿಲ್ಲ. ಹತ್ತಿ ಇಳಿಯುವ ಬೆಟ್ಟ ಅದಲ್ಲ, ಒಂದೇ ಕಡೆ ಇಳಿಯುವ ಮೆಟ್ಟಿಲು.

ಅಂಚು ಹಿಂದೆ ಸರಿಯುವುದು ಎಂದರೆ ಇಳಿಜಾರುಗಳು ಸವೆಯುವುದು, ಜರಿಯುವುದು ಎಂದೇ ಅರ್ಥ. ಮನುಷ್ಯನೇ ಇಲ್ಲದಿದ್ದರೂ ಘಟ್ಟದಲ್ಲಿ ಮಣ್ಣು ಕುಸಿಯುತ್ತಿತ್ತು. ಗುಡ್ಡಕುಸಿತವನ್ನು ಪ್ರಕೃತಿಯ ಮುನಿಸು ಎಂದು ವರ್ಣಿಸುವ ವರದಿಗಳು ಈ ಸರಳ ಸಂಗತಿಯನ್ನು ಮರೆಸುತ್ತವೆ. ಪ್ರಶ್ನೆ ಇರುವುದು ಕುಸಿತದ ಸ್ಥಳ, ಕಾಲ ಮತ್ತು ಅದರ ಕೆಳಗೆ ಯಾರಿದ್ದಾರೆ ಎಂಬುದರ ಬಗ್ಗೆ.

ಇಲ್ಲಿ ಬಂಡೆಯ ಇನ್ನೊಂದು ಗುಣವನ್ನು ಗಮನಿಸಬೇಕು. ಬೆಂಗಳೂರಿನ ಲಾಲ್‌ಬಾಗ್‌ನಲ್ಲಿ ಬೆಳಗಿನ ವಾಯುವಿಹಾರಕ್ಕೆ ಹೋಗುವವರು ತುಳಿಯುವ ಬಂಡೆ 300 ಕೋಟಿ ವರ್ಷಗಳಷ್ಟು ಹಳೆಯ ನೈಸ್ ಶಿಲೆ. ಮೈಸೂರು ಭೂವಿಜ್ಞಾನ ಇಲಾಖೆಯ ಡಬ್ಲ್ಯು.ಎಫ್. ಸ್ಮೀತ್ 1916ರಲ್ಲಿ ಇದಕ್ಕೆ 'ಪೆನಿನ್ಸುಲಾರ್ ನೈಸ್' ಎಂದು ಹೆಸರಿಟ್ಟರು. ದಕ್ಷಿಣ ಕರ್ನಾಟಕದ ಬಹುಭಾಗದ ತಳಬಂಡೆ ಇದೇ ಕುಲದ್ದು. ಕರಾವಳಿಯಲ್ಲಿಯೂ ಇದರ ದಾಯಾದಿಗಳೇ ಇವೆ. ಆದರೆ ಲಾಲ್‌ಬಾಗ್‌ನಲ್ಲಿ ಬೋಳಾಗಿ, ಗಟ್ಟಿಯಾಗಿ ಕಾಣುವ ಈ ಕಲ್ಲು ಕರಾವಳಿಯ ಗುಡ್ಡಗಳಲ್ಲಿ ಹಲವು ಮೀಟರ್ ಆಳದವರೆಗೆ ಕಣ್ಣಿಗೇ ಬೀಳುವುದಿಲ್ಲ. ಕಾರಣ ನೀರು. ಬೆಂಗಳೂರಿನಲ್ಲಿ ವರ್ಷಕ್ಕೆ ಸುಮಾರು 1,000 ಮಿ.ಮೀ. ಮಳೆಯಾದರೆ ಕರಾವಳಿಯಲ್ಲಿ 3,000 ಮಿ.ಮೀ.ಗೂ ಹೆಚ್ಚು ಸುರಿಯುತ್ತದೆ, ಅದೂ ಬಹುಪಾಲು ನಾಲ್ಕೇ ತಿಂಗಳಲ್ಲಿ.

ಮಳೆನೀರು ಗಾಳಿಯಲ್ಲಿನ ಹಾಗೂ ಮಣ್ಣಿನಲ್ಲಿನ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಅತಿ ದುರ್ಬಲವಾದ ಆಮ್ಲವಾಗುತ್ತದೆ. ಬಂಡೆಯ ಬಿರುಕುಗಳಲ್ಲಿ ಅದು ಇಳಿದಂತೆಲ್ಲ ಫೆಲ್ಡ್‌ಸ್ಪಾರ್ ಎಂಬ ಖನಿಜ ಕೊಳೆತು ಜೇಡಿಯಾಗುತ್ತದೆ. ಸೋಡಿಯಂ, ಕ್ಯಾಲ್ಸಿಯಂ ಮುಂತಾದವು ನೀರಿನೊಡನೆ ಸಮುದ್ರ ಸೇರುತ್ತವೆ. ಕರಗದ ಕಬ್ಬಿಣ ಮತ್ತು ಅಲ್ಯುಮಿನಿಯಂ ಉಳಿಯುತ್ತವೆ. ಮಳೆಗಾಲದ ತೇವ, ಬೇಸಿಗೆಯ ಒಣಹವೆ ಲಕ್ಷಾಂತರ ಬಾರಿ ಸರದಿ ಬದಲಿಸಿದ ಮೇಲೆ ಮೇಲ್ಪದರದ ಕಬ್ಬಿಣ ಗಟ್ಟಿಕಟ್ಟಿ ಕೆಂಪು ಚಿಪ್ಪಾಗುತ್ತದೆ. ಇದೇ ಮುರಕಲ್ಲು, ಉತ್ತರ ಕನ್ನಡದವರ ಚಿರೆಕಲ್ಲು, ಕೆಲವರ ಜಂಬಿಟ್ಟಿಗೆ. ಟಿಪ್ಪುವಿನ ಪತನದ ನಂತರ ಮೈಸೂರು, ಕೆನರಾ, ಮಲಬಾರುಗಳಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಇದನ್ನು ಇಟ್ಟಿಗೆಯಂತೆ ಕಡಿಯುವುದನ್ನು ಕಂಡು, 1807ರಲ್ಲಿ ಪ್ರಕಟವಾದ ತನ್ನ ಪ್ರವಾಸ ಗ್ರಂಥದಲ್ಲಿ 'ಲ್ಯಾಟರೈಟ್' ಎಂದು ಕರೆದ. ಜಗತ್ತಿನ ಪಠ್ಯಪುಸ್ತಕಗಳಿಗೆ ಈ ಹೆಸರು ಹೋದದ್ದು ಈ ಕರಾವಳಿಯಿಂದಲೇ.

ಮುರಕಲ್ಲು ಗಟ್ಟಿ. ಅಪಾಯವಿರುವುದು ಅದರ ಕೆಳಗೆ. ಮುರಕಲ್ಲಿಗೂ ತಳಬಂಡೆಗೂ ನಡುವೆ ಬಿಳಿ, ಹಳದಿ, ತೆಳುಗೆಂಪು ಬಣ್ಣಗಳ ನುಣುಪಾದ ಪದರವೊಂದಿರುತ್ತದೆ. ಕರಾವಳಿಯಲ್ಲಿ ಇದನ್ನು ಶೇಡಿ ಮಣ್ಣು ಎನ್ನುತ್ತಾರೆ. ಬೇಸಿಗೆಯಲ್ಲಿ ಶೇಡಿ ಮಣ್ಣನ್ನು ನೇರವಾಗಿ ಕಡಿದರೂ ಗೋಡೆಯಂತೆ ನಿಲ್ಲುತ್ತದೆ. ನೀರು ಕುಡಿದರೆ ಅದರ ಬಲವೆಲ್ಲ ಇಳಿದುಹೋಗಿ ಅಂಬಲಿಯಂತಾಗುತ್ತದೆ. ಬಾವಿ ತೋಡುವವರಿಗೆ ಈ ಮಣ್ಣಿನ ಸ್ವಭಾವ ಚೆನ್ನಾಗಿ ಗೊತ್ತು. ಮೇಲಿನ ಮುರಕಲ್ಲಿನ ಭಾಗವನ್ನು ಹಾಗೆಯೇ ಬಿಟ್ಟರೂ ಶೇಡಿ ಸಿಕ್ಕಿದ ಕಡೆ ಕಲ್ಲು ಕಟ್ಟದೆ ಅಥವಾ ರಿಂಗ್ ಇಳಿಸದೆ ಅವರು ಮುಂದುವರಿಯುವುದಿಲ್ಲ. ಸುರತ್ಕಲ್‌ನ ಎನ್‌ಐಟಿಕೆಯ ಎಂಜಿನಿಯರುಗಳು ಈ ಮಣ್ಣನ್ನು ಅದರ ಊರಿನ ಹೆಸರಿನಲ್ಲಿಯೇ ಪರೀಕ್ಷಿಸಿ ಪ್ರಬಂಧಗಳನ್ನು ಬರೆದಿದ್ದಾರೆ. ಅಂದಮೇಲೆ ತಿಳಿವಳಿಕೆಯ ಕೊರತೆ ಇಲ್ಲಿ ಇರಲಿಲ್ಲ.

ನೀರು ಮಣ್ಣನ್ನು ಭಾರ ಮಾಡುವುದರಿಂದ ಗುಡ್ಡ ಬೀಳುತ್ತದೆ ಎಂಬುದು ಸಾಮಾನ್ಯ ನಂಬಿಕೆ. ಒಂದು ಹೆಕ್ಟೇರ್ ಮೇಲೆ 100 ಮಿ.ಮೀ. ಮಳೆ ಬಿದ್ದರೆ ಅದು 1,000 ಟನ್ ನೀರು, ಆದ್ದರಿಂದ ಭಾರವೂ ಸಣ್ಣದಲ್ಲ. ಆದರೂ ಮುಖ್ಯ ಕಾರಣ ಬೇರೆ. ಮಣ್ಣಿನ ಕಣಗಳು ಒಂದನ್ನೊಂದು ಒತ್ತಿ ಹಿಡಿದಿರುವುದರಿಂದ ಇಳಿಜಾರು ನಿಂತಿರುತ್ತದೆ. ಕಣಗಳ ನಡುವಿನ ಸಂದುಗಳಲ್ಲಿ ನೀರು ತುಂಬಿ ಹೊರಹೋಗಲು ದಾರಿ ಸಿಗದಿದ್ದಾಗ, ಆ ನೀರೇ ಒಳಗಿನಿಂದ ಒತ್ತಿ ಕಣಗಳ ಹಿಡಿತವನ್ನು ಸಡಿಲಿಸುತ್ತದೆ. ಕಾರ್ಲ್ ತೆರ್ಜಾಗಿ 1920ರ ದಶಕದಲ್ಲಿಯೇ ಇದನ್ನು ಲೆಕ್ಕಕ್ಕೆ ಇಳಿಸಿದರು. ಸಿವಿಲ್ ಎಂಜಿನಿಯರಿಂಗ್ ಓದಿದ ಯಾರಿಗೂ ಇದು ಹೊಸ ಪಾಠವಲ್ಲ. ಕರಾವಳಿಯ ಗುಡ್ಡದಲ್ಲಿ ಮುರಕಲ್ಲಿನ ರಂಧ್ರಗಳ ಮೂಲಕ ನೀರು ಸಲೀಸಾಗಿ ಇಳಿಯುತ್ತದೆ, ಶೇಡಿಯಲ್ಲಿ ನಿಧಾನಿಸುತ್ತದೆ, ಗಟ್ಟಿ ಬಂಡೆಯ ಮೇಲೆ ನಿಂತುಬಿಡುತ್ತದೆ. ಜಾರುವುದಕ್ಕೆ ಬೇಕಾದ ಹಾಸು ಅಲ್ಲಿ ಸಿದ್ಧವಾಗುತ್ತದೆ.

ಇಷ್ಟಾದರೂ ಗುಡ್ಡ ಬೀಳದಿರುವುದಕ್ಕೆ ಕಾರಣ ಅದರ ಬುಡ. ಮೇಲಿನ ರಾಶಿಯನ್ನು ಕೆಳಗಿನ ರಾಶಿ ಆನಿಸಿಕೊಂಡಿರುತ್ತದೆ. ರಸ್ತೆ ಅಗಲಿಸುವಾಗ ಮೊದಲು ಹೋಗುವುದು ಈ ಬುಡವೇ. ಕಾಮಗಾರಿ ನಡೆಯುವುದು ಬೇಸಿಗೆಯಲ್ಲಿ, ಗುಡ್ಡದ ಪರೀಕ್ಷೆ ನಡೆಯುವುದು ಆಷಾಢದಲ್ಲಿ. ಕಡಿದ ಗೋಡೆ ಮೊದಲ ಮಳೆಗಾಲದಲ್ಲಿ ನಿಂತರೆ ಕೆಲಸ ಸರಿಯಾಗಿದೆ ಎಂದು ಭಾವಿಸುವುದೂ ತಪ್ಪು. ಹೊಸದಾಗಿ ಗಾಳಿ, ಬಿಸಿಲು, ನೀರಿಗೆ ತೆರೆದ ಮೈ ವರ್ಷದಿಂದ ವರ್ಷಕ್ಕೆ ಶಿಥಿಲವಾಗುತ್ತದೆ. ಮೇಲ್ಭಾಗದಲ್ಲಿ ಬಿರುಕು ಬಿಟ್ಟು ಮಳೆನೀರಿಗೆ ಹೊಸ ದಾರಿ ಮಾಡಿಕೊಡುತ್ತದೆ. ಹಲವು ಕಡಿತಗಳು ಬೀಳುವುದು ಐದಾರು ವರ್ಷಗಳ ಮೇಲೆ, ಎಲ್ಲರೂ ಮರೆತ ನಂತರ.

ಹಾಗಾದರೆ ನೇರವಾಗಿ ಏಕೆ ಕಡಿಯುತ್ತಾರೆ? ಉತ್ತರ ಜ್ಯಾಮಿತಿಯಲ್ಲಿಯೂ ಭೂಸ್ವಾಧೀನದ ಕಡತದಲ್ಲಿಯೂ ಇದೆ. 30 ಮೀಟರ್ ಎತ್ತರದ ಗುಡ್ಡವನ್ನು 45 ಡಿಗ್ರಿ ಇಳಿಜಾರಿಗೆ ತರಬೇಕಾದರೆ ರಸ್ತೆಯಂಚಿನಿಂದ ಇನ್ನೂ 30 ಮೀಟರ್ ಜಾಗ ಬೇಕು. 30 ಡಿಗ್ರಿಗೆ ಇಳಿಸಬೇಕಾದರೆ 52 ಮೀಟರ್ ಬೇಕು. ನೇರವಾಗಿ ಕಡಿದರೆ ಹೆಚ್ಚುವರಿ ಜಾಗವೇ ಬೇಡ. ಜಾಗ ಎಂದರೆ ಒಂದೋ ಯಾರದೋ ತೋಟ, ಇಲ್ಲವೇ ಅರಣ್ಯ. ಭೂಮಿ ಕಳೆದುಕೊಳ್ಳುವವರು ಅಗಲ ಕಡಿಮೆ ಮಾಡಿ ಎನ್ನುತ್ತಾರೆ, ಅದು ನ್ಯಾಯವೂ ಹೌದು. ಅರಣ್ಯ ಉಳಿಸಿ ಎನ್ನುವವರ ಮಾತೂ ಸರಿ. ಗುತ್ತಿಗೆದಾರನಿಗೆ ಮಣ್ಣು ಕಡಿಮೆ ತೆಗೆದಷ್ಟೂ ಲಾಭ. ಹೀಗೆ ಎಲ್ಲರ ಒತ್ತಡವೂ ಸೇರಿ ಗುಡ್ಡವನ್ನು ಕಡಿದಾಗಿಸುತ್ತದೆ. ಇದರಿಂದ ಉಳಿಸಿದ ಹಣ ಯೋಜನೆಯ ಲೆಕ್ಕದಲ್ಲಿ ಕಾಣುತ್ತದೆ. ಹೊರಿಸಿದ ಅಪಾಯ ಯಾವ ಲೆಕ್ಕದಲ್ಲಿಯೂ ಕಾಣುವುದಿಲ್ಲ.

ಉತ್ತರ ಕನ್ನಡದಲ್ಲಿ ಬೆಟ್ಟ ಸಮುದ್ರದ ಅಂಚಿಗೇ ಬಂದು ನಿಲ್ಲುತ್ತದೆ ಎಂಬುದನ್ನೂ ಮರೆಯಬಾರದು. ಮಂಗಳೂರಿನ ಸುತ್ತ ಇರುವಷ್ಟು ಬಯಲು ಕಾರವಾರ–ಅಂಕೋಲಾ ನಡುವೆ ಇಲ್ಲ. ಮುಂಬಯಿಯಿಂದ ಕೇರಳದವರೆಗೆ ಸರಕು ಸಾಗಿಸುವ ಹೆದ್ದಾರಿ ಬೇಡ ಎನ್ನುವ ಸ್ಥಿತಿಯಲ್ಲಿ ಕರಾವಳಿಯ ಜನರೂ ಇಲ್ಲ. ಆದ್ದರಿಂದ ರಸ್ತೆ ಬೇಕೇ ಬೇಡವೇ ಎಂಬ ಚರ್ಚೆ ವ್ಯರ್ಥ. ಕಾರವಾರದ ಬಳಿ ಮಾಡಿದಂತೆ ಸುರಂಗ ಕೊರೆಯುವುದೋ, ನದಿಯ ಕಡೆಗೆ ಕಂಬಗಳ ಮೇಲೆ ರಸ್ತೆ ಎತ್ತುವುದೋ, ಗುಡ್ಡವನ್ನು ಮೆಟ್ಟಿಲು ಮೆಟ್ಟಿಲಾಗಿ ಇಳಿಸಿ ಪ್ರತಿ ಮೆಟ್ಟಿಲಿಗೂ ಬಸಿಗಾಲುವೆ ಕೊಡುವುದೋ ಎಂಬುದು ನಿಜವಾದ ಪ್ರಶ್ನೆ. ಇವೆಲ್ಲ ದುಬಾರಿ. ಯಾವ ಗುಡ್ಡಕ್ಕೆ ಯಾವುದು ಎಂಬುದನ್ನು ಕೊಳವೆ ಕೊರೆದು ಒಳಪದರ ನೋಡದೆ ತೀರ್ಮಾನಿಸಲಾಗದು. ನೀರು ಬಸಿಯಲು ರಂಧ್ರಗಳಿಲ್ಲದ ತಡೆಗೋಡೆಯನ್ನು ಕಟ್ಟುವುದಂತೂ ಗುಡ್ಡದೊಳಗೆ ಅಣೆಕಟ್ಟು ಕಟ್ಟಿದಂತೆ.

ಇದೇ ಕರಾವಳಿಯಲ್ಲಿ, ಹೆದ್ದಾರಿಗೆ ಸಮಾನಾಂತರವಾಗಿ ಓಡುವ ಕೊಂಕಣ ರೈಲ್ವೆ ಈ ಪಾಠವನ್ನು ಬಹಳ ಬೆಲೆ ತೆತ್ತು ಕಲಿಯಿತು. 1998ರಲ್ಲಿ ಪೂರ್ಣವಾಗಿ ತೆರೆದ ಈ ಮಾರ್ಗದಲ್ಲಿ ಮಹಾರಾಷ್ಟ್ರದ ವೈಭವವಾಡಿ ಬಳಿ 2003ರ ಜೂನ್‌ನಲ್ಲಿ ಹಳಿಗಳ ಮೇಲೆ ಬಿದ್ದ ಬಂಡೆಗೆ ರೈಲು ಬಡಿದು ಸುಮಾರು 50 ಮಂದಿ ಸತ್ತರು. ಮರುವರ್ಷವೇ ಮತ್ತೊಂದು ಅಪಘಾತವಾಯಿತು. ನಂತರ ಕಡಿತಗಳ ಇಳಿಜಾರು ಕಡಿಮೆ ಮಾಡಿದರು, ಬಂಡೆಗಳಿಗೆ ಉಕ್ಕಿನ ಬಲೆ ಹೊದಿಸಿದರು. ಪ್ರತಿ ಮಳೆಗಾಲದಲ್ಲಿ ರೈಲುಗಳ ವೇಗ ತಗ್ಗಿಸಿ ಪ್ರತ್ಯೇಕ ವೇಳಾಪಟ್ಟಿ ಹೊರಡಿಸುತ್ತಾರೆ. ಅಪಾಯದ ಕಡಿತಗಳಲ್ಲಿ ಹಗಲಿರುಳು ಗಸ್ತು ಇರುತ್ತದೆ. ಕುಸಿತ ನಿಂತಿಲ್ಲ, ಆದರೆ ಅದರ ಕೆಳಗೆ ರೈಲು ಸಿಕ್ಕಿಕೊಳ್ಳುವುದು ಅಪರೂಪವಾಗಿದೆ. ರೈಲ್ವೆಗೆ ಇದು ಸಾಧ್ಯವಾದದ್ದು ಹಳಿ, ಕಡಿತ, ಗಸ್ತು ಎಲ್ಲವೂ ಒಂದೇ ಸಂಸ್ಥೆಯ ಕೈಯಲ್ಲಿರುವುದರಿಂದ. ಹೆದ್ದಾರಿಯ ವಿಷಯದಲ್ಲಿ ಡಾಂಬರು ಒಬ್ಬರದು, ಮೇಲಿನ ಗುಡ್ಡ ಅರಣ್ಯ ಇಲಾಖೆಯದೋ ಖಾಸಗಿಯವರದೋ, ಬದಿಯ ಅಂಗಡಿ ಪಂಚಾಯಿತಿಯ ವ್ಯಾಪ್ತಿಯದು, ಮಳೆಯ ಎಚ್ಚರಿಕೆ ಜಿಲ್ಲಾಧಿಕಾರಿಗೆ ಬರುವಂಥದು. ಗುಡ್ಡದ ನೆತ್ತಿಯಲ್ಲಿ ನೀರನ್ನು ಬೇರೆಡೆಗೆ ತಿರುಗಿಸುವ ಕಾಲುವೆ ತೋಡಬೇಕಾದ ಜಾಗ ಬಹಳ ಕಡೆ ರಸ್ತೆಯ ಗಡಿಯಿಂದ ಹೊರಗಿರುತ್ತದೆ.

ಎಲ್ಲ ಕುಸಿತಗಳನ್ನೂ ರಸ್ತೆಯ ತಲೆಗೆ ಕಟ್ಟುವುದೂ ಸರಿಯಲ್ಲ. ಶಿರೂರಿನ ಎರಡು ವಾರಗಳ ನಂತರ, ಜುಲೈ 30ರಂದು, ವಯನಾಡಿನ ಮುಂಡಕ್ಕೈ–ಚೂರಲ್‌ಮಲದಲ್ಲಿ 250ಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡ ದುರಂತ ಆರಂಭವಾದದ್ದು ಊರಿನಿಂದ ಬಹಳ ಮೇಲೆ, ಸಮುದ್ರಮಟ್ಟದಿಂದ 1,550 ಮೀಟರ್ ಎತ್ತರದಲ್ಲಿ. ಇಸ್ರೊದ ರಾಷ್ಟ್ರೀಯ ದೂರಸಂವೇದಿ ಕೇಂದ್ರದ ಉಪಗ್ರಹ ಚಿತ್ರಗಳ ಪ್ರಕಾರ ಅಲ್ಲಿ ಸುಮಾರು 86,000 ಚದರ ಮೀಟರ್ ನೆಲ ಜರಿದು, ಅವಶೇಷ ಹೊಳೆಯಗುಂಟ 8 ಕಿ.ಮೀ. ಹರಿದಿತ್ತು. ಅದೇ ಜಾಗದಲ್ಲಿ ಹಳೆಯ ಕುಸಿತದ ಗುರುತೂ ಇತ್ತು. ಮುಂಡಕ್ಕೈಯಲ್ಲಿ 1984ರಲ್ಲಿ, ಸಮೀಪದ ಪುತ್ತುಮಲದಲ್ಲಿ 2019ರಲ್ಲಿ ಜನ ಸತ್ತಿದ್ದರು. ಹೊಳೆಯ ಪಕ್ಕ ಮನೆ ಕಟ್ಟಲು ಅನುಕೂಲವಾಗಿ ಕಾಣುವ ಸಮತಟ್ಟು ನೆಲ ಅನೇಕ ಕಡೆ ಹಿಂದಿನ ಕುಸಿತಗಳು ತಂದು ಹಾಸಿದ ಮಣ್ಣೇ ಆಗಿರುತ್ತದೆ. ಕಾರವಾರದ ಕಡವಾಡದಲ್ಲಿ 2009ರ ಅಕ್ಟೋಬರ್ 2ರಂದು ಗುಡ್ಡ ಕುಸಿದು 19 ಮಂದಿ ಸತ್ತಾಗಲೂ ಚತುಷ್ಪಥದ ಮಾತೇ ಇರಲಿಲ್ಲ.

ಕೊಡಗಿನ 2018ರ ಆಗಸ್ಟ್ ದುರಂತದಲ್ಲಿ ಮತ್ತೊಂದು ಬಗೆ ಕಂಡಿತು. ಅಲ್ಲಿ ನಡೆದದ್ದು 'ಜಲಸ್ಫೋಟ' ಎಂದು ಮಾಧ್ಯಮಗಳು ಹೆಸರಿಟ್ಟವು. ಅದಕ್ಕೂ ಒಂದು ತಿಂಗಳ ಹಿಂದಿನ ಲಘು ಭೂಕಂಪನವೇ ಮೂಲ ಎಂಬ ವದಂತಿಯೂ ಹಬ್ಬಿತು. ನೆಲದೊಳಗೆ ಏನೂ ಸ್ಫೋಟಿಸಿರಲಿಲ್ಲ. ಮನೆಗಳಿಗೆ, ಹೋಂ ಸ್ಟೇಗಳಿಗೆ, ರಸ್ತೆಗಳಿಗೆ ಇಳಿಜಾರನ್ನು ಕಡಿದು ಮಾಡಿದ ತಟ್ಟುಗಳು, ದಿನಗಟ್ಟಲೆ ನಿಲ್ಲದ ಮಳೆ, ಆಳದವರೆಗೆ ಶಿಥಿಲವಾದ ಮಣ್ಣು ಸೇರಿ ಬೆಟ್ಟ ಕೆಳಗಿಳಿದಿತ್ತು. ಸ್ಫೋಟ ಎಂದುಬಿಟ್ಟರೆ ಯಾರೂ ಹೊಣೆಯಾಗಬೇಕಿಲ್ಲ ಎಂಬುದು ಆ ಪದದ ಅನುಕೂಲ.

ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆಯ ಅಂದಾಜಿನಂತೆ ದೇಶದ 4.2 ಲಕ್ಷ ಚದರ ಕಿ.ಮೀ. ಪ್ರದೇಶ ಭೂಕುಸಿತಕ್ಕೆ ಈಡಾಗಬಲ್ಲದು. ಅದರಲ್ಲಿ ಸುಮಾರು 90,000 ಚದರ ಕಿ.ಮೀ. ಪಶ್ಚಿಮ ಘಟ್ಟ ಮತ್ತು ಕೊಂಕಣದ ಗುಡ್ಡಗಳಲ್ಲಿದೆ. ಇಲಾಖೆ 2014ರಲ್ಲಿ ಆರಂಭಿಸಿದ ರಾಷ್ಟ್ರೀಯ ಕಾರ್ಯಕ್ರಮದಡಿ ಈ ಪ್ರದೇಶಗಳ ನಕ್ಷೆಗಳು ತಯಾರಾಗಿವೆ. ಆದ್ದರಿಂದ ನಕ್ಷೆಯೇ ಇಲ್ಲ ಎಂಬ ದೂರು ನಿಲ್ಲುವುದಿಲ್ಲ. ಆದರೆ ಇವು 1:50,000 ಪ್ರಮಾಣದವು. ಅಂದರೆ ನೆಲದ ಮೇಲಿನ 50 ಮೀಟರ್ ಕಾಗದದ ಮೇಲೆ ಒಂದು ಮಿಲಿಮೀಟರ್. ಒಂದು ತಾಲ್ಲೂಕಿನ ಯಾವ ಭಾಗ ಸೂಕ್ಷ್ಮ ಎಂದು ಅದು ಹೇಳಬಲ್ಲದು. ರಸ್ತೆಗಾಗಿ ಕಡಿದ ಒಂದು ಗುಡ್ಡದ ಮುಖ ಅದರಲ್ಲಿ ಪೆನ್ಸಿಲ್ ಗೆರೆಯಷ್ಟೂ ದಪ್ಪವಿರುವುದಿಲ್ಲ. ಗುಡ್ಡ ಗುಡ್ಡಕ್ಕೂ ಬೇಕಾದ ದೊಡ್ಡ ಪ್ರಮಾಣದ ನಕ್ಷೆ, ಮಣ್ಣಿನ ಪರೀಕ್ಷೆ ರಸ್ತೆ ಯೋಜನೆಯ ಭಾಗವಾಗಿ ಆಗಬೇಕಾದ ಕೆಲಸ.

ನಿಯಮಗಳ ಸ್ಥಿತಿಯೂ ವಿಚಿತ್ರವಾಗಿದೆ. ಭಾರತೀಯ ರಸ್ತೆ ಕಾಂಗ್ರೆಸ್ ಭೂಕುಸಿತ ತಡೆಗೆಂದೇ 2015ರಲ್ಲಿ ಎಂಜಿನಿಯರಿಂಗ್ ಮಾರ್ಗಸೂಚಿ ಹೊರಡಿಸಿದೆ. ಅದಕ್ಕೆ ಎರಡು ವರ್ಷ ಮೊದಲು, 2013ರಲ್ಲಿ, ಪರಿಸರ ಪರಿಣಾಮ ಅಧಿಸೂಚನೆಗೆ ತಂದ ತಿದ್ದುಪಡಿಯಲ್ಲಿ, ಇರುವ ರಾಷ್ಟ್ರೀಯ ಹೆದ್ದಾರಿಯನ್ನು ಅಗಲಿಸುವಾಗ ಹೆಚ್ಚುವರಿ ಜಾಗ 40 ಮೀಟರ್ ಮೀರದಿದ್ದರೆ ಪೂರ್ವ ಪರಿಸರ ಅನುಮತಿ ಬೇಕಿಲ್ಲ ಎಂದಾಯಿತು. ಅಗಲವನ್ನು ಅಳೆಯುವ ಈ ನಿಯಮ ಎತ್ತರವನ್ನು ಅಳೆಯುವುದಿಲ್ಲ. ಬಯಲಿನಲ್ಲಿ 40 ಮೀಟರ್ ಎಂದರೆ ಗದ್ದೆಯ ಒಂದು ಪಟ್ಟಿ. ಶೇಡಿ ಮಣ್ಣಿನ ಗುಡ್ಡದಲ್ಲಿ ಅದರ ಕಾಲು ಭಾಗವೇ ಬುಡ ಕಳಚಲು ಸಾಕು. ಕಸ್ತೂರಿರಂಗನ್ ವರದಿಯನ್ನಾಧರಿಸಿದ ಪಶ್ಚಿಮ ಘಟ್ಟದ ಆರನೆಯ ಕರಡು ಅಧಿಸೂಚನೆ ವಯನಾಡು ದುರಂತದ ಮರುದಿನವೇ, 2024ರ ಜುಲೈ 31ರಂದು ಹೊರಬಿತ್ತು. ಕರ್ನಾಟಕದ 20,668 ಚದರ ಕಿ.ಮೀ. ಇದರಲ್ಲಿ ಸೇರಿತ್ತು, ಸೆಪ್ಟೆಂಬರ್‌ನಲ್ಲಿ ರಾಜ್ಯ ಸಂಪುಟ ವರದಿಯನ್ನು ತಿರಸ್ಕರಿಸಿತು. ರೈತರ ಭಯಕ್ಕೆ ಕಾರಣಗಳಿವೆ. ಆದರೆ ಹಳ್ಳಿ ಹಳ್ಳಿಯ ಪಟ್ಟಿಯ ಸುತ್ತ ದಶಕದಿಂದ ಸುತ್ತುತ್ತಿರುವ ಆ ಜಗಳದಲ್ಲಿ, ಎಷ್ಟು ಡಿಗ್ರಿಗಿಂತ ಕಡಿದಾದ ಇಳಿಜಾರನ್ನು ಯಾರೂ ಕಡಿಯಕೂಡದು ಎಂಬ ಸಣ್ಣ, ಜಾರಿಗೆ ತರಬಲ್ಲ ನಿಯಮದ ಮಾತು ಹಿಂದೆ ಬಿದ್ದಿದೆ.

ಶಿರೂರಿನಲ್ಲಿ ಗುಡ್ಡ ಬಿದ್ದ ಮೂರೇ ದಿನಕ್ಕೆ, ಜುಲೈ 19ರಂದು, ಕೋಲ್ಕತ್ತಾದಲ್ಲಿ ರಾಷ್ಟ್ರೀಯ ಭೂಕುಸಿತ ಮುನ್ಸೂಚನಾ ಕೇಂದ್ರದ ಉದ್ಘಾಟನೆಯಾಯಿತು. ಆ ಮಳೆಗಾಲದಲ್ಲಿ ಮೊದಲ ಹಂತದ ದೈನಂದಿನ ಮುನ್ಸೂಚನೆ ಡಾರ್ಜಿಲಿಂಗ್, ಕಾಲಿಂಪಾಂಗ್, ನೀಲಗಿರಿ, ರುದ್ರಪ್ರಯಾಗ ಜಿಲ್ಲೆಗಳಿಗೆ ಹೋಗತೊಡಗಿತು. ಇಂಥ ಮುನ್ಸೂಚನೆ ನಿಂತಿರುವುದು ಒಂದು ಪ್ರದೇಶದಲ್ಲಿ ಹಿಂದೆ ಎಷ್ಟು ದಿನ, ಎಷ್ಟು ಮಳೆಯಾದಾಗ ಕುಸಿತಗಳಾದವು ಎಂಬ ಲೆಕ್ಕದ ಮೇಲೆ. ಕರಾವಳಿಗೆ ಆ ಲೆಕ್ಕ ಬೇಕಾದರೆ ಪ್ರತಿ ಕುಸಿತದ ದಿನ, ಗಂಟೆ, ಸ್ಥಳ, ಹಿಂದಿನ ದಿನಗಳ ಮಳೆ ಎಲ್ಲವೂ ಒಂದೆಡೆ ದಾಖಲಾಗಬೇಕು. ಜನ ಸತ್ತಾಗ ಮಾತ್ರ ಅವು ದಾಖಲಾಗುತ್ತವೆ. ಉಳಿದ ನೂರಾರು ಕುಸಿತಗಳನ್ನು ಜೆಸಿಬಿ ತಂದು ಬದಿಗೆ ಸರಿಸಿ, ಸಂಚಾರ ಪುನರಾರಂಭ ಎಂದು ಪ್ರಕಟಿಸಲಾಗುತ್ತದೆ.